ಗೆದ್ದವರಿಗೆ ಮುಂದಿನ ಹಾದಿ ಎಲ್ಲಿ?

ಬೆಂಗಳೂರು ಎಫ್‌ಸಿ ತಂಡ ಹುಟ್ಟಿದ್ದು 2013ರಲ್ಲಿ. ತಾನು ಆಡಿದ ಮೊದಲ ವರ್ಷವೇ, ಅಂದರೆ 2014ರಲ್ಲಿ, ದೇಶದ ಅಂದಿನ ಅತ್ಯುನ್ನತ ಫುಟ್‌ಬಾಲ್ ಪಂದ್ಯಾವಳಿಯಾಗಿದ್ದ ಐ-ಲೀಗನ್ನು ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿನಿಮಾ ತಾರೆಯರು, ಕ್ರಿಕೆಟಿಗರು, ದೊಡ್ಡ ಉದ್ಯಮಿಗಳ ಒಡೆತನದ ಎಂಟು ತಂಡಗಳೊಂದಿಗೆ ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ಅದರಲ್ಲಿ ಕರ್ನಾಟಕದ ತಂಡ ಇರಲಿಲ್ಲ. ಬೆಂಗಳೂರಿನ ಫ್ರಾಂಚೈಸಿ ಪಡೆದಿದ್ದ ಸನ್ ಸಮೂಹ ಪಂದ್ಯಾವಳಿಗೆ ಮುನ್ನವೇ ಹಿಂದೆ ಸರಿದಿತ್ತು, ಆ ಜಾಗ ಚೆನ್ನೈ ಪಾಲಾಗಿತ್ತು. ಹೀಗೆ ಹೊಸ ಲೀಗಿನ ಹೊರಗೇ ಉಳಿದು ಬೆಳೆದ ಬೆಂಗಳೂರು ಎಫ್‌ಸಿಯನ್ನು 2017ರಲ್ಲಿ ಸೂಪರ್ ಲೀಗ್ ತನ್ನ ಒಳಗೆ ಕರೆದುಕೊಂಡಿತು. ಜೆಮ್‌ಶೆಡ್‌ಪುರವೂ ಸೇರಿ ತಂಡಗಳ ಸಂಖ್ಯೆ ಎಂಟರಿಂದ ಹತ್ತಕ್ಕೆ ಏರಿತು. ಕರ್ನಾಟಕದ ಅಭಿಮಾನಿಗಳು ಸಹಜವಾಗಿಯೇ ಸಂಭ್ರಮಿಸಿದರು. ಆದರೆ ಎರಡು ಬಾರಿ ಚಾಂಪಿಯನ್ ಆಗಿದ್ದ ತಂಡವನ್ನು ಕಳೆದುಕೊಂಡ ಐ-ಲೀಗಿನ ಗತಿ ಏನು ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಹೆಚ್ಚಿಗೆ ಕೇಳಿಬರಲಿಲ್ಲ. ಇದೇ ಪ್ರಶ್ನೆಯನ್ನು ಕೆನಡಾ ದೇಶ ಅರ್ಧ ಶತಮಾನದಿಂದ ಕೇಳಿಕೊಳ್ಳುತ್ತಿದೆ. ಪಕ್ಕದ ಅಮೆರಿಕದ ದೈತ್ಯ ಲೀಗ್ ಗಡಿ ದಾಟಿ ಬಂದರೆ ತಮ್ಮ ಸಣ್ಣ ಲೀಗ್ ಉಳಿಯುತ್ತದೆಯೇ ಎಂಬ ಅಂಜಿಕೆ ಅಲ್ಲಿ ಇಂದಿಗೂ ಹೋಗಿಲ್ಲ. ಎರಡೂ ಕಡೆಯ ಅನುಭವ ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಲೀಗ್ ಬೆಳೆಯುವುದರಿಂದಲೇ ಸಣ್ಣ ಲೀಗ್ ಸಾಯುವುದಿಲ್ಲ. ಸಣ್ಣ ಲೀಗಿನಲ್ಲಿ ಗೆದ್ದವರಿಗೆ ಸಿಗಬೇಕಾದ ಬೆಲೆಯನ್ನು ಕಿತ್ತುಕೊಂಡಾಗ ಅದು ಸಾಯತೊಡಗುತ್ತದೆ.

ಕೆನಡಾದ ಆಟದ ಬಗ್ಗೆ ಮೊದಲು ಸ್ವಲ್ಪ ಹೇಳಬೇಕು. ಅಲ್ಲಿನವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳನ್ನು ಕೆಡವಿ ಮುನ್ನುಗ್ಗುವ ಆಟ ಅದು. ಅಮೆರಿಕದಲ್ಲಿ ತಂಡಕ್ಕೆ ಹನ್ನೊಂದು ಮಂದಿ, ಕೆನಡಾದಲ್ಲಿ ಹನ್ನೆರಡು. ಹತ್ತು ಗಜ ಮುಂದೆ ಹೋಗಲು ಅಮೆರಿಕದಲ್ಲಿ ನಾಲ್ಕು ಅವಕಾಶ, ಕೆನಡಾದಲ್ಲಿ ಮೂರೇ. ಅಂಕಣವೂ ಕೆನಡಾದಲ್ಲಿ ದೊಡ್ಡದು. ಹೀಗಾಗಿ ಒಂದೇ ಬೇರಿನ ಆಟಗಳಾದರೂ ಓಟ, ಲೆಕ್ಕಾಚಾರ ಎಲ್ಲ ಬೇರೆ. ಅವರ ಗ್ರೇ ಕಪ್ 1909ರಿಂದ ನಡೆದುಬಂದಿದೆ, ಈಗಿನ ಲೀಗ್ 1958ರದ್ದು, ತಂಡಗಳು ಒಂಬತ್ತೇ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. 2025ರಲ್ಲಿ ಅಲ್ಲಿನ ಒಂದೊಂದು ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ ಸುಮಾರು 28 ಕೋಟಿ ಅಮೆರಿಕನ್ ಡಾಲರ್. ಕೆನಡಾದ ತಂಡಕ್ಕೆ ಅದೇ ಮಿತಿ 60 ಲಕ್ಷ ಕೆನಡಿಯನ್ ಡಾಲರ್ ಆಸುಪಾಸು. ಹಣದಲ್ಲಿ ಇಷ್ಟು ಅಂತರವಿರುವಾಗ ಸಣ್ಣದು ಎಂದೋ ಮುಳುಗಿಹೋಗಬೇಕಿತ್ತು. ಅದು ಇನ್ನೂ ಆಡುತ್ತಿದೆ, 2025ರ ನವೆಂಬರ್‌ನಲ್ಲಿ ಗ್ರೇ ಕಪ್ ಫೈನಲ್ ವಿನ್ನಿಪೆಗ್ ನಗರದಲ್ಲಿ ನಡೆದು ಸಸ್ಕ್ಯಾಚೆವಾನ್ ತಂಡ ಗೆದ್ದಿತು.

ಉಳಿದದ್ದು ಹೇಗೆ? ಅದೃಷ್ಟದಿಂದಂತೂ ಅಲ್ಲ. 1974ರಲ್ಲಿ ಅಮೆರಿಕದ ಇನ್ನೊಂದು ಹೊಸ ಲೀಗ್ ಟೊರಾಂಟೊದಲ್ಲಿ ತಂಡ ಕಟ್ಟಲು ಹೊರಟಾಗ ಕೆನಡಾ ಸರ್ಕಾರದ ಮಂತ್ರಿ ಮಾರ್ಕ್ ಲಲೋಂದ್ ಅದನ್ನು ತಡೆಯುವ ಮಸೂದೆಯನ್ನೇ ಸಂಸತ್ತಿಗೆ ತಂದರು. ಮಸೂದೆ ಕಾಯ್ದೆಯಾಗಲಿಲ್ಲ, ಆದರೆ ಆ ತಂಡ ಹೆದರಿ ಅಮೆರಿಕದ ಮೆಂಫಿಸ್‌ಗೆ ಹೋಯಿತು. ಪ್ರತಿ ತಂಡದಲ್ಲಿ ಇಂತಿಷ್ಟು ಕೆನಡಿಯನ್ನರು ಆಡಲೇಬೇಕೆಂಬ ನಿಯಮವನ್ನೂ ಲೀಗ್ ಉಳಿಸಿಕೊಂಡು ಬಂದಿದೆ. ಪಂದ್ಯಗಳು ಜೂನ್‌ನಿಂದ ನವೆಂಬರ್‌ವರೆಗೆ ನಡೆಯುವುದರಿಂದ, ಸೆಪ್ಟೆಂಬರ್‌ನಲ್ಲಿ ಶುರುವಾಗುವ ಅಮೆರಿಕದ ಲೀಗಿಗೂ ಇದಕ್ಕೂ ಪೂರ್ತಿ ಡಿಕ್ಕಿಯಾಗುವುದಿಲ್ಲ. ಈ ಲೀಗ್ ತೀರಾ ಸಂಕಟಕ್ಕೆ ಸಿಕ್ಕಿದ್ದು ತಾನೇ ಅಮೆರಿಕಕ್ಕೆ ಹಬ್ಬಲು ಹೋದಾಗ ಎಂಬುದು ಗಮನಿಸಬೇಕಾದ ಸಂಗತಿ. 1993ರಿಂದ 1995ರವರೆಗೆ ಸ್ಯಾಕ್ರಮೆಂಟೊ, ಲಾಸ್ ವೇಗಸ್, ಬಾಲ್ಟಿಮೋರ್ ಮುಂತಾದ ಊರುಗಳಲ್ಲಿ ತಂಡ ಕಟ್ಟಿದರು. ಅಲ್ಲಿ ಕೆನಡಿಯನ್ನರ ಮೀಸಲು ನಿಯಮ ಅನ್ವಯಿಸಲಿಲ್ಲ. 1995ರ ಗ್ರೇ ಕಪ್ಪನ್ನು ಅಮೆರಿಕದ ಬಾಲ್ಟಿಮೋರ್ ತಂಡವೇ ಹೊತ್ತೊಯ್ದಿತು. ಅದೇ ಹೊತ್ತಿಗೆ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ತಂಡ ಬಾಲ್ಟಿಮೋರ್‌ಗೆ ಬರುವುದಾಗಿ ಘೋಷಿಸಿತು, ಕಪ್ ಗೆದ್ದವರು ಊರು ಬಿಟ್ಟು ಮಾಂಟ್ರಿಯಲ್‌ಗೆ ಓಡಬೇಕಾಯಿತು. 1996ಕ್ಕೆ ಅಮೆರಿಕದ ಒಂದು ತಂಡವೂ ಉಳಿಯಲಿಲ್ಲ. ಮರುವರ್ಷ ಎನ್‌ಎಫ್‌ಎಲ್‌ನಿಂದಲೇ 30 ಲಕ್ಷ ಡಾಲರ್ ಸಾಲ ಪಡೆದು ಕೆನಡಾದ ಲೀಗ್ ಜೀವ ಹಿಡಿದುಕೊಂಡಿತು. ಇತ್ತ 2008ರಿಂದ 2013ರವರೆಗೆ ಎನ್‌ಎಫ್‌ಎಲ್‌ನ ಬಫಲೊ ತಂಡ ಟೊರಾಂಟೊದಲ್ಲಿ ಪಂದ್ಯಗಳನ್ನು ಆಡಿಸಿ ನೋಡಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ, ಪ್ರಯೋಗ ನಿಂತಿತು. ಊರಿನ ಜನಕ್ಕೆ ತಮ್ಮದೆನ್ನಿಸುವ ಕಪ್ ಒಂದಿದೆ, ಅದನ್ನು ಗೆಲ್ಲುವುದೇ ಅಲ್ಲಿ ಕೊನೆಯ ಗುರಿ. ಆ ಗುರಿ ಬೇರೆಯವರ ಕೈಗೆ ಹೋಗದಿರುವತನಕ ಸಂಬಳ ಕಡಿಮೆಯಿದ್ದರೂ ಆಟಕ್ಕೆ ಅರ್ಥವಿರುತ್ತದೆ.

ನಮ್ಮಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್‌ಗೆ ಬರೆದುಕೊಟ್ಟಿತು. ಸೂಪರ್ ಲೀಗ್ ಹುಟ್ಟಿದ್ದು ಈ ಕರಾರಿನಿಂದ. ಮೊದಲ ಮೂರು ವರ್ಷ ಅದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾತ್ರ ನಡೆಯುತ್ತಿತ್ತು. ಅದು ಮುಗಿದ ಮೇಲೆ ಐ-ಲೀಗ್. ಒಬ್ಬನೇ ಆಟಗಾರ ಎರಡರಲ್ಲೂ ಆಡಿ ಸಂಪಾದಿಸಬಹುದಿತ್ತು, ಪ್ರೇಕ್ಷಕನಿಗೂ ಎರಡೂ ಸಿಗುತ್ತಿದ್ದವು. ಅಲ್ಲಿಯವರೆಗಿನ ವ್ಯವಸ್ಥೆಯಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಪೆಟ್ಟು ಬಿದ್ದದ್ದು 2017ರಲ್ಲಿ. ಸೂಪರ್ ಲೀಗ್ ಹಿಗ್ಗಿ ಹಲವು ತಿಂಗಳ ಪಂದ್ಯಾವಳಿಯಾಯಿತು, ಎರಡೂ ಲೀಗುಗಳು ಒಂದೇ ಹೊತ್ತಿನಲ್ಲಿ ನಡೆಯತೊಡಗಿದವು. ಆಟಗಾರ ಒಂದನ್ನು ಆರಿಸಿಕೊಳ್ಳಲೇಬೇಕು, ಹಣ ಇದ್ದ ಕಡೆ ಹೋಗದೆ ಅವನೇನು ಮಾಡಿಯಾನು? ಸ್ವಲ್ಪವೇ ಮುಂಚೆ, 2016-17ರ ಐ-ಲೀಗನ್ನು ಮಿಜೋರಾಂನ ಐಜ್ವಾಲ್ ಎಫ್‌ಸಿ ಗೆದ್ದಿತ್ತು. ಗುಡ್ಡಗಾಡಿನ ಸಣ್ಣ ರಾಜ್ಯದ, ಸಣ್ಣ ಬಂಡವಾಳದ ತಂಡ ದೇಶಕ್ಕೇ ಚಾಂಪಿಯನ್ ಆದ ಆ ಕತೆ ಯಾವ ದೇಶದಲ್ಲಾದರೂ ಹಬ್ಬವಾಗಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಐಜ್ವಾಲ್‌ಗೆ ಜಾಗ ಸಿಗಲಿಲ್ಲ, ಏಕೆಂದರೆ ಸೂಪರ್ ಲೀಗಿಗೆ ಪ್ರವೇಶ ಸಿಗುತ್ತಿದ್ದದ್ದು ಹಣ ಕಟ್ಟಿ ಫ್ರಾಂಚೈಸಿ ಪಡೆದವರಿಗೆ. ಇದನ್ನು ಮೊದಲೇ ಊಹಿಸಿದ ಗೋವಾದ ಹಳೆಯ ಕ್ಲಬ್‌ಗಳಾದ ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್, ಡೆಂಪೊ 2016ರಲ್ಲೇ ಪ್ರತಿಭಟಿಸಿ ಐ-ಲೀಗಿನಿಂದ ಹೊರನಡೆದಿದ್ದವು. 2019ರ ಅಕ್ಟೋಬರ್‌ನಲ್ಲಿ ಏಷ್ಯಾದ ಫುಟ್‌ಬಾಲ್ ಒಕ್ಕೂಟ ಸೂಪರ್ ಲೀಗನ್ನೇ ದೇಶದ ಮೊದಲ ದರ್ಜೆಯ ಲೀಗ್ ಎಂದು ಒಪ್ಪಿಕೊಂಡಿತು. ಏಷ್ಯಾ ಮಟ್ಟದ ದೊಡ್ಡ ಟೂರ್ನಿಗೆ ಹೋಗುವ ಹಾದಿಯೂ ಐ-ಲೀಗಿನ ಕೈತಪ್ಪಿತು. ಮುಂದಿನ ವರ್ಷ ಮೋಹನ್ ಬಾಗಾನ್ ಸೂಪರ್ ಲೀಗಿನ ಎಟಿಕೆ ತಂಡದ ಜೊತೆ ವಿಲೀನವಾಯಿತು, ಈಸ್ಟ್ ಬೆಂಗಾಲ್ ಕೂಡ ಅತ್ತ ನಡೆಯಿತು. ನೂರು ವರ್ಷದ ಅಭಿಮಾನವಿದ್ದ ಎರಡು ತಂಡಗಳು ಹೋದ ಮೇಲೆ ಐ-ಲೀಗಿನ ಮೈದಾನಕ್ಕೆ ಜನರನ್ನು ಯಾವ ಹೆಸರಿನಿಂದ ಕರೆಯುವುದು?

ಐ-ಲೀಗ್ ಮೊದಲೇ ಕಾಯಿಲೆ ಬಿದ್ದಿತ್ತು, ಸೂಪರ್ ಲೀಗನ್ನು ಯಾಕೆ ದೂರುತ್ತೀರಿ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಮಹೀಂದ್ರಾ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಆಗ ಸೂಪರ್ ಲೀಗ್ ಇನ್ನೂ ಹುಟ್ಟಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ನಡೆಸುತ್ತಿದ್ದ ಕಾಲವೂ ಹಿಂದೆ ಸರಿಯುತ್ತಿತ್ತು. ಮೈದಾನಗಳು ಕೆಟ್ಟಿದ್ದವು, ಟಿ.ವಿ.ಯಲ್ಲಿ ಪಂದ್ಯ ಕಾಣುವುದೂ ಖಾತರಿ ಇರಲಿಲ್ಲ. ಆದರೆ ಕಾಯಿಲೆ ಬಿದ್ದ ಆ ಲೀಗಿನಲ್ಲೂ ಕಸುವು ಇತ್ತು ಎನ್ನುವುದಕ್ಕೆ ಬೆಂಗಳೂರು ಎಫ್‌ಸಿಯೇ ಸಾಕ್ಷಿ. 2014 ಮತ್ತು 2016ರಲ್ಲಿ ಐ-ಲೀಗ್, 2015 ಮತ್ತು 2017ರಲ್ಲಿ ಫೆಡರೇಷನ್ ಕಪ್ ಗೆದ್ದ ತಂಡ ಅದು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ನಿಂತು ಹಾಡುವ ಅಭಿಮಾನಿ ಬಳಗ ಹುಟ್ಟಿದ್ದೂ ಐ-ಲೀಗಿನ ದಿನಗಳಲ್ಲೇ. ಅಲ್ಲಿ ಗೆದ್ದು ಪಡೆದ ಅರ್ಹತೆಯಿಂದ ಅದು 2016ರಲ್ಲಿ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1-0ಯಿಂದ ಸೋತರೂ ಆ ಸಾಧನೆ ಸಣ್ಣದಲ್ಲ. ಅದಕ್ಕೂ ಮುಂಚೆ ಡೆಂಪೊ 2008ರಲ್ಲಿ, ಈಸ್ಟ್ ಬೆಂಗಾಲ್ 2013ರಲ್ಲಿ ಅದೇ ಟೂರ್ನಿಯ ಸೆಮಿಫೈನಲ್ ಆಡಿದ್ದವು. ಸೂಪರ್ ಲೀಗ್ ಹಿಗ್ಗಿದ ಮೇಲೆ, 2024ರಲ್ಲಿ ಆ ಟೂರ್ನಿ ಕೊನೆಗೊಳ್ಳುವವರೆಗೂ, ಭಾರತದ ಇನ್ನೊಂದು ತಂಡ ಫೈನಲ್ ಕಾಣಲಿಲ್ಲ. ಹತ್ತುಪಟ್ಟು ಬೆಳಕು, ಪ್ರಚಾರ ಬಂದರೂ ಮೈದಾನದ ಫಲ ಅದೇ ಪ್ರಮಾಣದಲ್ಲಿ ಬರಲಿಲ್ಲ.

ಆಟಗಾರರ ಬದುಕು ಸುಧಾರಿಸಲಿಲ್ಲವೇ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಸುಧಾರಿಸಿತು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಭಾರತದ ಫುಟ್‌ಬಾಲಿಗ ಹಿಂದೆಂದೂ ಕಾಣದಷ್ಟು ಸಂಬಳ ಕಂಡದ್ದು ಸೂಪರ್ ಲೀಗಿನಿಂದ. ಒಳ್ಳೆಯ ಹುಲ್ಲಿನ ಮೈದಾನ, ವಿದೇಶಿ ತರಬೇತುದಾರರು, ವೈದ್ಯಕೀಯ ನೆರವು ಬಂದವು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯು ಕಟ್ಟಿದ ಕ್ರೀಡಾ ಸಂಸ್ಥೆಯಲ್ಲಿ ಹುಡುಗರು ಉಳಿದುಕೊಂಡು ಫುಟ್‌ಬಾಲ್ ಕಲಿಯುವ ವ್ಯವಸ್ಥೆಯಾದದ್ದು ಕಲ್ಯಾಣ ಕರ್ನಾಟಕದ ಮಟ್ಟಿಗೆ ನಿಜಕ್ಕೂ ದೊಡ್ಡ ಸಂಗತಿ. ಆದರೆ ಈ ಒಳಿತೆಲ್ಲ ಒಂದೇ ಕರಾರಿನ ಮೇಲೆ ನಿಂತಿತ್ತು. ಆ ಕರಾರು 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು, ಮುಂದೇನು ಎಂಬುದು ಇತ್ಯರ್ಥವಾಗಲಿಲ್ಲ. 2025ರ ಜುಲೈನಲ್ಲಿ ಸಂಘಟಕರು ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಬಹಿರಂಗವಾಗಿ ಹೇಳಬೇಕಾಯಿತು. ಫೆಡರೇಷನ್ ಹೊಸ ಟೆಂಡರ್ ಕರೆದರೆ ಒಬ್ಬರೂ ಬಿಡ್ ಸಲ್ಲಿಸಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕೇಂದ್ರ ಸರ್ಕಾರ ನಡುವೆ ಬಂದು, 2026ರ ಫೆಬ್ರುವರಿಯಲ್ಲಿ ಮೊಟಕುಗೊಂಡ ರೂಪದಲ್ಲಿ ಲೀಗ್ ಶುರುವಾಯಿತು. ದೇಶಕ್ಕೆ ಗಟ್ಟಿಯಾದ ಇನ್ನೊಂದು ಲೀಗ್ ಇದ್ದಿದ್ದರೆ ಆ ತಿಂಗಳುಗಳಲ್ಲಿ ಕನಿಷ್ಠ ಅದಾದರೂ ನಡೆಯುತ್ತಿತ್ತು. ಬಾವಿ ತೋಡುವ ಹುರುಪಿನಲ್ಲಿ ಊರಿನ ಕೆರೆ ಮುಚ್ಚಿದವರು ಬಾವಿ ಬತ್ತಿದಾಗ ಎಲ್ಲಿಗೆ ಹೋಗಬೇಕು?

ಕೆನಡಾವನ್ನು ಆದರ್ಶವೆಂದು ಎತ್ತಿ ಹಿಡಿಯುವುದಕ್ಕೂ ಮಿತಿ ಇದೆ. ಅಲ್ಲಿನ ಅಪಾಯ ಈಗ ಬೇರೆ ಬಾಗಿಲಿನಿಂದ ಬರುತ್ತಿದೆ. ಎನ್‌ಎಫ್‌ಎಲ್ ಟೊರಾಂಟೊಗೆ ತಂಡ ತರದಿದ್ದರೂ 2025ರಲ್ಲಿ ಸಾವೊ ಪಾಲೊ, ಡಬ್ಲಿನ್, ಲಂಡನ್, ಬರ್ಲಿನ್, ಮ್ಯಾಡ್ರಿಡ್‌ಗಳಲ್ಲಿ ಪಂದ್ಯ ಆಡಿಸಿತು. ಇಡೀ ಜಗತ್ತೇ ಅದರ ಮಾರುಕಟ್ಟೆಯಾಗುತ್ತಿದೆ. ಈ ಹೊತ್ತಿನಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ, ಕೆನಡಾದ ಲೀಗ್ ತನ್ನ 110 ಗಜದ ಅಂಕಣವನ್ನು 2027ಕ್ಕೆ 100 ಗಜಕ್ಕೆ ಇಳಿಸುವುದಾಗಿ, ಗೋಲು ಕಂಬಗಳನ್ನು ಹಿಂದಕ್ಕೆ ಸರಿಸುವುದಾಗಿ ಪ್ರಕಟಿಸಿತು. ಎರಡೂ ಬದಲಾವಣೆಗಳು ಆಟವನ್ನು ಅಮೆರಿಕದ ಮಾದರಿಗೆ ಹತ್ತಿರ ತರುತ್ತವೆ. ಅಂಕ ಹೆಚ್ಚು ಬಂದು ಆಟ ರಂಜಕವಾಗುತ್ತದೆ ಎಂಬುದು ಆಡಳಿತದ ಸಮರ್ಥನೆ. ಲೀಗಿನ ಹೆಸರಾಂತ ಕೆನಡಿಯನ್ ಆಟಗಾರ ನೇಥನ್ ರೂರ್ಕ್ ಇದನ್ನು ಕಟುವಾಗಿ ವಿರೋಧಿಸಿದರು. ನನಗೆ ರೂರ್ಕ್ ಅವರ ಆತಂಕವೇ ಸರಿ ಅನ್ನಿಸುತ್ತದೆ. ಸಣ್ಣದು ದೊಡ್ಡದರ ನಕಲಾಗುತ್ತಾ ಹೋದರೆ, ಅಸಲಿ ಟಿ.ವಿ.ಯಲ್ಲೇ ಸಿಗುವಾಗ ನಕಲನ್ನು ನೋಡಲು ಜನ ಟಿಕೆಟ್ ಕೊಂಡು ಮೈದಾನಕ್ಕೆ ಬರಲು ಕಾರಣವೇನು ಉಳಿಯುತ್ತದೆ?

ಗ್ರೇ ಕಪ್ ಗೆದ್ದ ಸಸ್ಕ್ಯಾಚೆವಾನ್ ತಂಡದ ಬಗ್ಗೆ ಕಲಬುರಗಿ ಸೀಮೆಯ ಓದುಗರು ವಿಶೇಷವಾಗಿ ತಿಳಿಯಬೇಕು. ಜೇವರ್ಗಿ, ಅಫಜಲಪುರ, ಆಳಂದದ ತೊಗರಿ ಬೆಳೆಗಾರರು ಧಾರಣೆ ಬಿದ್ದಾಗ ಕೆನಡಾದ ಬೇಳೆಕಾಳಿನ ಆಮದನ್ನು ಶಪಿಸುವುದುಂಟು. ಆ ಮಸೂರ, ಬಟಾಣಿ ಬಹುಪಾಲು ಬರುವುದು ಇದೇ ಸಸ್ಕ್ಯಾಚೆವಾನ್ ಪ್ರಾಂತ್ಯದಿಂದ. 2021ರ ಗಣತಿಯಂತೆ ಇಡೀ ಪ್ರಾಂತ್ಯದ ಜನಸಂಖ್ಯೆ 11 ಲಕ್ಷ ಚಿಲ್ಲರೆ. ನಮ್ಮ ಕಲಬುರಗಿ ಜಿಲ್ಲೆಯೊಂದರಲ್ಲೇ 2011ರಲ್ಲಿ 25 ಲಕ್ಷಕ್ಕೂ ಹೆಚ್ಚು ಜನರಿದ್ದರು. ತಂಡದ ತವರಾದ ರೆಜೈನಾ ನಗರದ ಜನ ಎರಡೂಕಾಲು ಲಕ್ಷದಷ್ಟು, ಅಂದರೆ ಕಲಬುರಗಿ ನಗರದ ಅರ್ಧಕ್ಕಿಂತ ಕಡಿಮೆ. ಅಂಥ ಊರಿನಲ್ಲಿ 33,000 ಆಸನದ ಕ್ರೀಡಾಂಗಣವಿದೆ. ತಂಡ ಯಾವ ಒಬ್ಬ ಕುಬೇರನ ಸ್ವತ್ತೂ ಅಲ್ಲ, ಜನರದ್ದು. 250 ಡಾಲರಿನ ಷೇರುಗಳನ್ನು ಸಾಮಾನ್ಯ ಅಭಿಮಾನಿಗಳಿಗೆ ಮಾರಿದರು. ಲಾಭಾಂಶ ಸಿಗುವುದಿಲ್ಲ ಎಂದು ಗೊತ್ತಿದ್ದೇ ಜನ ಕೊಂಡರು. ಅವರ ಆದಾಯಕ್ಕೂ ನಮ್ಮ ಆದಾಯಕ್ಕೂ ಹೋಲಿಕೆ ಇಲ್ಲ, ನಿಜ. ಒಡೆತನದ ರೀತಿಯಿಂದಾದರೂ ಕಲಿಯಬಹುದು. ಸೂಪರ್ ಲೀಗಿನಲ್ಲಿ ಪುಣೆಯ ತಂಡ 2019ರಲ್ಲಿ ಮುಚ್ಚಿ ಹೈದರಾಬಾದ್ ತಂಡ ಬಂತು, ಅದೇ ವರ್ಷ ದೆಹಲಿಯ ತಂಡ ಭುವನೇಶ್ವರಕ್ಕೆ ಗುಳೆ ಹೋಯಿತು, 2025ರಲ್ಲಿ ಹೈದರಾಬಾದ್ ತಂಡ ದೆಹಲಿಗೆ ಹೋಯಿತು. ಮಾಲೀಕನ ಲೆಕ್ಕಪತ್ರ ಬದಲಾದರೆ ತಂಡದ ಊರೇ ಬದಲಾಗುತ್ತದೆ. ಜನರ ಒಡೆತನದ ತಂಡ ಹಾಗೆ ರಾತ್ರೋರಾತ್ರಿ ಹೊರಡಲಾರದು.

ಹೆಸರು ಒಂದು ಕಡೆ, ಆಟ ಇನ್ನೊಂದು ಕಡೆ ಆಗುವ ಅನುಭವ ಕಲಬುರಗಿಗೂ ಆಗಿದೆ. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿ ಟಿ20 ಕ್ರಿಕೆಟ್ ಟೂರ್ನಿಯನ್ನು ಮೊದಲ ವರ್ಷ ಗೆದ್ದದ್ದು ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್. ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಊರಿನ ಹೆಸರು ಟಿ.ವಿ.ಯಲ್ಲಿ ಮೆರೆಯಿತು, ಆದರೆ ಆ ಹೆಸರಿನ ತಂಡವನ್ನು ತನ್ನೂರಿನ ಮೈದಾನದಲ್ಲಿ ನೋಡುವ ಭಾಗ್ಯ ಜೇವರ್ಗಿಯ ಹುಡುಗನಿಗೆ ಸಿಗಲಿಲ್ಲ. ಫುಟ್‌ಬಾಲ್‌ನಲ್ಲಿ ಅಷ್ಟೂ ಇಲ್ಲ, ರಾಜ್ಯದ ಆಟದ ಭಾರವೆಲ್ಲ ಬೆಂಗಳೂರಿನಲ್ಲೇ ಬಿದ್ದಿದೆ. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968-69ರಲ್ಲಿ. 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ಅದನ್ನು ಮತ್ತೆ ತಂದಿತು. ಆಟಗಾರರು ನಮ್ಮಲ್ಲಿ ಇದ್ದಾರೆ ಎನ್ನುವುದಕ್ಕೆ ಇನ್ನೇನು ಬೇಕು? ಅವರು ಏರಬೇಕಾದ ಮೆಟ್ಟಿಲು ಹೇಗಿದೆ ಎನ್ನುವುದಕ್ಕೆ ಇನ್ನೊಂದು ತಂಡದ ಕತೆ ಸಾಕು. ಎಸ್‌ಸಿ ಬೆಂಗಳೂರು 2023-24ರಲ್ಲಿ ಕೆಳಗಿನ ಲೀಗ್ ಗೆದ್ದು ಐ-ಲೀಗಿಗೆ ಏರಿತು, ಮರುವರ್ಷವೇ ಕೊನೆಯ ಸ್ಥಾನಗಳಲ್ಲಿ ಉಳಿದು ಕೆಳಗಿಳಿಯಿತು. ಆಟದ ನ್ಯಾಯ ಅದು, ದೂರುವಂತಿಲ್ಲ. ಆದರೆ ಅದೇ 2024-25ರಲ್ಲಿ ಸೂಪರ್ ಲೀಗಿನ ಕೊನೆಯ ಸ್ಥಾನದಲ್ಲಿ ನಿಂತ ತಂಡ ಕೆಳಗಿಳಿಯಲಿಲ್ಲ. 2019ರಲ್ಲಿ ಏಷ್ಯಾದ ಒಕ್ಕೂಟ ಒಪ್ಪಿಕೊಂಡ ಯೋಜನೆಯ ಪ್ರಕಾರ ಆ ವರ್ಷದಿಂದಲೇ ಇಳಿಕೆ ಜಾರಿಗೆ ಬರಬೇಕಿತ್ತು.

ಏರುವ ಬಾಗಿಲು ಮಾತ್ರ ಸ್ವಲ್ಪ ತೆರೆದಿದೆ, ಅದನ್ನು ಒಪ್ಪಬೇಕು. ಐ-ಲೀಗ್ ಗೆದ್ದ ಪಂಜಾಬ್ ಎಫ್‌ಸಿ 2023ರಲ್ಲಿ, ಮೊಹಮ್ಮಡನ್ ಸ್ಪೋರ್ಟಿಂಗ್ 2024ರಲ್ಲಿ ಸೂಪರ್ ಲೀಗ್ ಸೇರಿದವು. 15 ವರ್ಷದ ಹಳೆಯ ಕರಾರು ಈಗ ಮುಗಿದಿರುವುದರಿಂದ ಮುಂದಿನ ಕರಾರು ಯಾರ ಜೊತೆಯೇ ಆಗಲಿ, ಕೆಳಗೆ ಗೆದ್ದವರು ಮೇಲೇರುವ, ಮೇಲೆ ಸೋತವರು ಕೆಳಗಿಳಿಯುವ ನಿಯಮವನ್ನು ಅದರಲ್ಲೇ ಬರೆಸಬೇಕು. ಅದು ದೆಹಲಿಯಲ್ಲಿ ಆಗಬೇಕಾದ ಕೆಲಸ. ಬೆಂಗಳೂರಿನಲ್ಲಿ, ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿಯಲ್ಲಿ ಆಗಬಹುದಾದ ಕೆಲಸವೂ ಒಂದಿದೆ. ಜಿಲ್ಲೆಗಳ ತಂಡಗಳಿಗೆ ಪ್ರತಿವರ್ಷ ಒಂದೇ ಹೊತ್ತಿನಲ್ಲಿ, ತಮ್ಮ ತಮ್ಮ ಊರಿನಲ್ಲಿ ಆಡುವ ಲೀಗ್ ಬೇಕು, ಗೆದ್ದ ಜಿಲ್ಲೆಗೆ ರಾಜ್ಯದ ಮೇಲಿನ ದರ್ಜೆಯಲ್ಲಿ ಒಂದು ಸ್ಥಾನ ಖಾಯಂ ಇರಬೇಕು. ಬೀದರ್, ರಾಯಚೂರು, ವಿಜಯಪುರ, ಯಾದಗಿರಿಯ ತಂಡಗಳು ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಬಂದು ಆಡಿ, ಕಲಬುರಗಿಯವರು ಆ ಊರುಗಳಿಗೆ ಹೋಗಿ ಆಡಿ ಬರಲು ಯಾವ ಫ್ರಾಂಚೈಸಿ ಶುಲ್ಕವೂ ಬೇಕಿಲ್ಲ, ಬಸ್ಸಿನ ಖರ್ಚು ಹೊರುವವರು ಸಿಕ್ಕರೆ ಮುಂದಿನ ಮಳೆಗಾಲ ಕಳೆಯುತ್ತಲೇ ಶುರು ಮಾಡಬಹುದು.